ಮಿಲ್ಟ್ರಿ ಅಜ್ಜನಿಗೊಂದು ವಿಳಾಸ

ಬೆಳಗಿನ ಐದಕ್ಕೆ ನಮ್ಮೂರ ಮೈದಾನದಲ್ಲಿ ಓಡುವವರು ನಾವು ಹತ್ತು–ಹನ್ನೆರಡು ಹುಡುಗರು. ಬೈಲಹೊಂಗಲದ ಕಡೆ ಇದು ಹೊಸದೇನಲ್ಲ. ಪಿಯುಸಿ ಮುಗಿಯುತ್ತಿದ್ದಂತೆ ನಮ್ಮಲ್ಲಿ ಬಹಳ ಜನರ ಕಣ್ಣು ಸೇನಾ ಭರ್ತಿಯ ಮೇಲೆಯೇ. 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕೆಂದು ದಿನವೂ ಬೆವರು ಹರಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ಮೈದಾನದ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಬಂದು ಕೂರತೊಡಗಿದರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಪಕ್ಕದಲ್ಲಿ ಮೂಲೆಗೆ ಮೂಲೆ ಕೂಡಿಸಿ ಮಡಚಿದ ಒಂದು ಚಾದರ, ಒಂದು ಕೈಚೀಲ. ಮೂರನೇ ದಿನ ನನ್ನನ್ನು ಕರೆದು, ‘ತಮ್ಮಾ, ಮೊದಲ್ನೇ ಸುತ್ತಿನ್ಯಾಗ ದಮ್ಮು ಖಾಲಿ ಮಾಡಕೊಬ್ಯಾಡ. ಕಡೀ ಸುತ್ತಿಗೆ ಉಳಸ್ಕೋ’ ಎಂದರು. ಅವರು ಹೇಳಿದಂತೆ ಓಡಿದೆ. ಒಂದೇ ವಾರದಲ್ಲಿ ಹನ್ನೊಂದು ಸೆಕೆಂಡು ಕಡಿಮೆಯಾಯಿತು. ಅಂದಿನಿಂದ ನಮಗೆಲ್ಲ ಅವರು ‘ಮಿಲ್ಟ್ರಿ ಅಜ್ಜ’.

ವಾಕಿಂಗಿಗೆ ಬರುವ ಹಿರಿಯರಿರಬೇಕು ಎಂದುಕೊಂಡಿದ್ದೆ. ಒಂದು ದಿನ ನಸುಕಿನಲ್ಲಿ ಧಾರವಾಡಕ್ಕೆ ಹೋಗಲು ಬಸ್ ನಿಲ್ದಾಣಕ್ಕೆ ಹೋದಾಗ, ಮೂಲೆಯ ಕಟ್ಟೆಯ ಮೇಲೆ ಅದೇ ಚಾದರ ಹೊದ್ದು ಅಜ್ಜ ಮಲಗಿದ್ದರು. ನನ್ನನ್ನು ಕಂಡು ತಟ್ಟನೆ ಎದ್ದು ಕುಳಿತರು.

‘ಅಜ್ಜಾರ, ನೀವು ಇಲ್ಲೇ ಮಲಗ್ತೀರೇನ್ರಿ?’

‘ಮ್ಯಾಲೆ ಪತ್ರಾಸ್ ಐತಿ. ಮಳಿ ಹತ್ತಂಗಿಲ್ಲ.’

ಏನು ಹೇಳಬೇಕೋ ತೋಚದೆ ಜೇಬಿನಿಂದ ಐವತ್ತು ರೂಪಾಯಿ ತೆಗೆದೆ. ಅವರು ಕೈ ಮುಂದೆ ಮಾಡಲಿಲ್ಲ. ‘ರೊಕ್ಕ ಬ್ಯಾಡ ತಮ್ಮಾ. ನಿನಗ ಆನ್‌ಲೈನ್ ಅರ್ಜಿ ತುಂಬಾಕ ಬರ್ತೈತೇನು?’ ಎಂದು ಕೇಳಿದರು. ಆ ನೋಟನ್ನು ಮತ್ತೆ ಜೇಬಿಗೆ ಇಡುವಾಗ ಆದ ನಾಚಿಕೆ ಈಗಲೂ ನೆನಪಿದೆ.

ಅಜ್ಜ 1974ರಲ್ಲಿ ಮರಾಠಾ ಲೈಟ್ ಇನ್ಫಂಟ್ರಿ ಸೇರಿದವರು. ಒಂಬತ್ತು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಮನೆಯಲ್ಲಿ ಮದುವೆಯಾಗದ ಇಬ್ಬರು ತಂಗಿಯರು. 1983ರಲ್ಲಿ ತಾವೇ ಕೇಳಿ ಬಿಡುಗಡೆ ಪಡೆದು ಊರಿಗೆ ಬಂದರು. ಸಿಪಾಯಿಗೆ ಸೇವಾ ಪಿಂಚಣಿ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು. ಇವರ ಕೈಗೆ ಬಂದದ್ದು ಒಂದು ಸಲದ ಗ್ರಾಚ್ಯುಟಿ ಮಾತ್ರ. ಅದು ತಂಗಿಯರ ಮದುವೆಗೆ ಸರಿಹೋಯಿತು. ಆಮೇಲೆ ಬೇರೆ ಬೇರೆ ಕಡೆ ವಾಚ್‌ಮನ್ ಕೆಲಸ. ಹೆಂಡತಿ ತೀರಿಕೊಂಡರು, ಮಕ್ಕಳಿಲ್ಲ. ಕೊನೆಗೆ ಕೆಲಸ ಮಾಡುತ್ತಿದ್ದಲ್ಲಿ ಮಲಗಲು ಒಂದು ಖೋಲಿಯನ್ನೂ ಕೊಟ್ಟಿದ್ದರು. ವಯಸ್ಸಾಯಿತೆಂದು ಬಿಡಿಸಿದರು. ‘ನೌಕರಿ ಹೋದ ದಿನಾನ ಖೋಲಿನೂ ಹೋತು’ ಎಂದರು ಅಜ್ಜ.

ಸೇನೆಯಲ್ಲಿದ್ದವರಿಗೆಲ್ಲ ಪಿಂಚಣಿ, ಕ್ಯಾಂಟೀನು, ಆಸ್ಪತ್ರೆ ಇದ್ದೇ ಇರುತ್ತದೆಂದು ನಾನು ನಂಬಿದ್ದೆ. ಭರ್ತಿಯ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದವನಿಗೆ ಬಿಡುಗಡೆಯ ನಿಯಮಗಳು ಗೊತ್ತಿರಲಿಲ್ಲ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಮುಖ್ಯವಾಗಿ ಪಿಂಚಣಿದಾರರಿಗೆ. ನಮ್ಮ ಅಜ್ಜನಂಥವರು ಅದರ ಹೊರಗೇ ಉಳಿಯುತ್ತಾರೆ.

ಹಾಗೆಂದು ಅವರಿಗೆ ಏನೂ ಇಲ್ಲ ಎಂದಲ್ಲ. ನಮ್ಮ ಓಣಿಯ ನಿವೃತ್ತ ಸುಬೇದಾರರು ದಾರಿ ಹೇಳಿದರು. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ಹುದ್ದೆಯಲ್ಲಿದ್ದ, ಪಿಂಚಣಿ ಇಲ್ಲದ, 65 ದಾಟಿದ, ಖಾಯಂ ಆದಾಯವಿಲ್ಲದ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ‘ಪೆನ್ಯೂರಿ ಗ್ರಾಂಟ್’ ಎಂಬ ನೆರವಿದೆ. ಅಂಥವರ ವಿಧವಾ ಪತ್ನಿಯರಿಗೂ ಇದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಇದರ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಯಿಂದ. 1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುವ ಆ ದಿನ, ಶಾಲೆಯಲ್ಲಿ ಚಿಲ್ಲರೆ ಕಾಸು ಕೊಟ್ಟು ಅಂಗಿಗೆ ಪುಟ್ಟ ಧ್ವಜ ಅಂಟಿಸಿಕೊಂಡದ್ದು ನೆನಪಿದೆಯಲ್ಲ? ಆ ಕಾಸು ಎಲ್ಲಿಗೆ ಹೋಗುತ್ತಿತ್ತೆಂದು ನನಗೆ ತಿಳಿದದ್ದು ಆಗಲೇ.

ಅರ್ಜಿ ತುಂಬುವುದು ಅರ್ಧ ತಾಸಿನ ಕೆಲಸ ಅಂದುಕೊಂಡೆ. ಆರು ತಿಂಗಳು ಹಿಡಿಯಿತು. ಡಿಸ್ಚಾರ್ಜ್ ಪುಸ್ತಕವಿದ್ದ ಟ್ರಂಕು ಯಾವುದೋ ಖೋಲಿ ಬದಲಿಸುವಾಗ ಹೋಗಿತ್ತು. ಆಧಾರ್‌ನಲ್ಲಿದ್ದದ್ದು ಕೈತಪ್ಪಿದ ಖೋಲಿಯ ವಿಳಾಸ. ಅದಕ್ಕೆ ಜೋಡಿಸಿದ್ದ ಮೊಬೈಲ್ ನಂಬರ್ ಬಂದಾಗಿತ್ತು. ಬ್ಯಾಂಕ್ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿತ್ತು. ಒಂದೊಂದನ್ನು ಸರಿಪಡಿಸಲು ಹೋದಾಗಲೂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ‘ಈಗ ಎಲ್ಲಿರ್ತೀರಿ?’ ಬಸ್ ನಿಲ್ದಾಣ ಎಂದು ಯಾವ ಅರ್ಜಿಯಲ್ಲಿ ಬರೆಯುವುದು?

ಹಾಗಾಗಿ ಮೊದಲು ಖೋಲಿ ಹುಡುಕಿದೆವು. ‘ಒಂಟಿ ಮುದುಕರು, ನಾಳೆ ಏನಾದ್ರೂ ಆದ್ರ ಯಾರು ನೋಡವ್ರು?’ ಎಂದು ನಾಲ್ಕು ಮನೆಯವರು ಒಲ್ಲೆ ಅಂದರು. ಐದನೆಯವರು ಸುಬೇದಾರರ ಮುಖ ನೋಡಿ ಒಪ್ಪಿದರು. ಬಾಡಿಗೆ 1,500. ಊರಿನ ಹದಿನೈದು ಮಾಜಿ ಸೈನಿಕರು ತಿಂಗಳಿಗೆ ತಲಾ ನೂರು ಹಾಕುತ್ತಿದ್ದಾರೆ. ಅಜ್ಜನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ‘ಹಣ ಬಂದ ಕೂಡ್ಲೆ ತಿರುಗಿ ಕೊಡ್ತೇನಿ’ ಎಂದು ಒಂದು ವಹಿಯಲ್ಲಿ ಎಲ್ಲರ ಲೆಕ್ಕ ಬರೆದಿಡುತ್ತಿದ್ದಾರೆ.

ಖೋಲಿ ಸಿಕ್ಕ ಮೇಲೆ ಉಳಿದ ಗಂಟುಗಳು ಒಂದೊಂದಾಗಿ ಬಿಚ್ಚಿದವು. ವಾರ್ಡಿನ ಸದಸ್ಯರು ವಿಳಾಸದ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಆಧಾರ್ ಸರಿಯಾಯಿತು, ಖಾತೆಗೆ ಜೀವ ಬಂತು. ಡಿಸ್ಚಾರ್ಜ್ ಪುಸ್ತಕ ಕಳೆದ ಬಗ್ಗೆ ಪೊಲೀಸ್ ದೂರು, ಅಫಿಡವಿಟ್ ಮಾಡಿಸಿ ಬೆಳಗಾವಿಗೆ ಮೂರು ಸಲ ಹೋದೆವು. ಪುಣ್ಯಕ್ಕೆ ಅವರ ರೆಜಿಮೆಂಟಿನ ದಾಖಲೆ ಕಚೇರಿ ಅಲ್ಲೇ ಇದೆ. ಮನೆಯ ಹಳೆಯ ವಿಷಯ ಕೇಳಿದರೆ ತಡವರಿಸುವ ಅಜ್ಜ, ತಮ್ಮ ಸೇನಾ ನಂಬರನ್ನು ಮಾತ್ರ ಒಂದೇ ಉಸಿರಿನಲ್ಲಿ ಹೇಳಿದರು. ಆ ನಂಬರಿನಿಂದಲೇ ದಾಖಲೆ ಸಿಕ್ಕಿತು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕಾಗದಗಳನ್ನು ಪರಿಶೀಲಿಸಿದರು. ಅರ್ಜಿ ಹೋಗಿದೆ, ಮಂಜೂರಾತಿಗೆ ಕಾಯುತ್ತಿದ್ದೇವೆ.

ಕಚೇರಿಯ ಬೆಂಚಿನ ಮೇಲೆ ಕಾಯುವಾಗ, ಬೇರೆ ದೇಶದವರು ಏನು ಮಾಡುತ್ತಾರೆಂದು ಮೊಬೈಲಿನಲ್ಲಿ ಹುಡುಕಿದೆ. ಅಮೆರಿಕದಲ್ಲಿ ಪ್ರತಿ ಜನವರಿಯ ಒಂದು ರಾತ್ರಿ ಮನೆಯಿಲ್ಲದವರ ಎಣಿಕೆ ನಡೆಯುತ್ತದೆ. ಅದರಲ್ಲಿ ಮಾಜಿ ಸೈನಿಕರ ಲೆಕ್ಕ ಬೇರೆಯೇ ಇರುತ್ತದೆ. 2010ರಲ್ಲಿ ಅವರ ಸಂಖ್ಯೆ ಸುಮಾರು 74,000. 2024ರಲ್ಲಿ 32,882. ಅಲ್ಲಿ ಮನೆಯಿಲ್ಲದವರ ಒಟ್ಟು ಸಂಖ್ಯೆ ಏರುತ್ತಿರುವಾಗಲೂ ಸೈನಿಕರದು ಇಳಿದಿದೆ. ‘ಹಡ್–ವಾಶ್’ ಎಂಬ ಯೋಜನೆಯ ಪಾಲು ಅದರಲ್ಲಿ ದೊಡ್ಡದು. ವಸತಿ ಇಲಾಖೆ ಬಾಡಿಗೆಗೆ ನೆರವಾಗುತ್ತದೆ, ಮಾಜಿ ಸೈನಿಕರ ಇಲಾಖೆ ಪ್ರತಿಯೊಬ್ಬರ ಜೊತೆಗೆ ಒಬ್ಬ ಸಮಾಜ ಕಾರ್ಯಕರ್ತರನ್ನು ಕೊಡುತ್ತದೆ. ವೈದ್ಯರು, ಕಾಗದಪತ್ರ, ಕೆಲಸ, ಕುಡಿತ ಬಿಡಿಸುವುದು ಎಲ್ಲ ಆಮೇಲೆ. ಮೊದಲು ಮನೆ. ನಾವು ಗೊತ್ತಿಲ್ಲದೆ ಬೈಲಹೊಂಗಲದಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿ ಅದಕ್ಕೊಂದು ವ್ಯವಸ್ಥೆಯಿದೆ, ಇಲ್ಲಿ ಸುಬೇದಾರರಿದ್ದರು.

ಈ ಮಾತು ನನ್ನಂಥವರಿಗೆ ಬೇಕು. 2022ರ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಖಾಯಂ ಆಗುವವರು ಗರಿಷ್ಠ ಶೇ 25. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಇದೆ. ಪಿಂಚಣಿ, ಗ್ರಾಚ್ಯುಟಿ, ಮಾಜಿ ಸೈನಿಕರ ಸ್ಥಾನಮಾನ ಇಲ್ಲ. ಆದರೂ ನಾನು ಓಡುವುದನ್ನು ಬಿಟ್ಟಿಲ್ಲ. ಆದರೆ ಬಿ.ಎ. ಅಂತಿಮ ವರ್ಷದ ಪುಸ್ತಕಗಳನ್ನು ಮತ್ತೆ ತೆರೆದಿದ್ದೇನೆ. ‘ಫೌಜಿಗೆ ಹೋಗು. ಹೊಳ್ಳಿ ಬಂದ ಮ್ಯಾಲೆ ಎಲ್ಲಿ ಇರ್ತಿ ಅನ್ನೂದನ್ನೂ ಈಗ ವಿಚಾರ ಮಾಡು’ ಎಂದದ್ದು ಅಜ್ಜನೇ.

ನಿಮ್ಮ ಊರಿನಲ್ಲೂ ಇಂಥ ಅಜ್ಜ ಇರಬಹುದು, ಅಥವಾ ಸೈನಿಕನ ಹೆಂಡತಿಯಾಗಿದ್ದ ಅಜ್ಜಿ. ಮೊದಲು ಅವರ ಸೇನಾ ನಂಬರ್ ಕೇಳಿ ಬರೆದುಕೊಳ್ಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಪುಸ್ತಕ ಇದ್ದರೆ ಜೆರಾಕ್ಸ್ ತೆಗೆಸಿಡಿ. ಕೆಲಸ ಹುಡುಕುತ್ತ ದಿನಕ್ಕೆ ಹತ್ತು ಆನ್‌ಲೈನ್ ಅರ್ಜಿ ತುಂಬುವವರು ನಾವು. ಹನ್ನೊಂದನೆಯದು ಅವರದಾಗಲಿ.

ಅಜ್ಜ ಈಗಲೂ ಐದಕ್ಕೆ ಮೈದಾನಕ್ಕೆ ಬರುತ್ತಾರೆ. ಚಾದರ ಮಾತ್ರ ಜೊತೆಗಿರುವುದಿಲ್ಲ. ಅದು ಖೋಲಿಯಲ್ಲಿದೆ.