ವೇಣುಗ್ರಾಮದಿಂದ ಪಲಾಶಿಕೆಗೆ

ಬೆಳಗಾವಿಗೆ ಬಂದವರು ಕುಂದಾ ಕೊಂಡು ಹೋಗುತ್ತಾರೆ. ಕೋಟೆಯನ್ನು ಕಂಡು ಹೋಗುವವರು ಕಡಿಮೆ. ಗೋವೆಯ ದಾರಿಯಲ್ಲಿ ಒಂದು ರಾತ್ರಿ ತಂಗಲು ತಕ್ಕ ಊರು, ಹವೆ ತಂಪು, ಪೇಟೆ ದೊಡ್ಡದು ಎಂಬಲ್ಲಿಗೆ ಈ ಊರಿನ ಪರಿಚಯ ಬಹುಮಂದಿಗೆ ಮುಗಿದುಹೋಗುತ್ತದೆ. ಸ್ಪೇನ್ ದೇಶದ ಕೊರ್ಡೊಬಾ ನಗರದಲ್ಲಿ ಎಂಟನೆಯ ಶತಮಾನದ ಮಸೀದಿಯೊಂದರ ನಡುವೆಯೇ ಇಗರ್ಜಿಯೊಂದು ಎದ್ದು ನಿಂತಿದೆ. ಒಂದೇ ಸೂರಿನಡಿ ಎರಡು ಧರ್ಮಗಳ ಚರಿತ್ರೆ ಕಾಣುವುದೆಂದು ಲೋಕದ ಯಾತ್ರಿಕರೆಲ್ಲ ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಸಂತೋಷ. ಆದರೆ ಒಂದೇ ಕಂದಕದ ಆವರಣದೊಳಗೆ ಜಿನಬಸದಿಯೂ ಮಸೀದಿಯೂ ದುರ್ಗೆಯ ಗುಡಿಯೂ ವೇದಾಂತಿಯೊಬ್ಬರು ತಂಗಿದ್ದ ಮನೆಯೂ ಇರುವ ಕೋಟೆಯೊಂದು ನಮ್ಮ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಸಮೀಪದಲ್ಲಿದೆ ಎಂಬುದನ್ನು ಈ ಊರಿನಲ್ಲೇ ಹುಟ್ಟಿ ಬೆಳೆದವರಿಗೂ ನೆನಪಿಸಬೇಕಾಗಿರುವುದು ಸೋಜಿಗದ ಸಂಗತಿ.

ಊರಿನ ಹೆಸರಿನಿಂದಲೇ ಹೊರಡೋಣ. ಶಾಸನಗಳಲ್ಲಿ ಇದು ವೇಣುಗ್ರಾಮ, ವೇಳುಗ್ರಾಮ. ವೇಣುವೆಂದರೆ ಬಿದಿರು. ಬಿದಿರು ಮೆಳೆಗಳ ನಡುವಣ ಹಳ್ಳಿಯಾಗಿದ್ದಿರಬೇಕು. ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಹದಿಮೂರನೆಯ ಶತಮಾನದ ಮೊದಲಲ್ಲಿ ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಣ ಅಥವಾ ಬೀಚಿರಾಜ ಇಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಕೋಟೆಯನ್ನು ಕಟ್ಟಿಸಿದವನೂ ಅವನೇ ಎಂಬ ಮಾತು ಊರಿನಲ್ಲಿದೆ. ಈ ಬೀಚಣನನ್ನು, ಮುಂದೆ ರಟ್ಟರನ್ನು ಅಡಗಿಸಿದ ಸೇವುಣ ಸಿಂಘಣನ ದಂಡನಾಯಕ ಬೀಚಣನೊಡನೆ ಕಲಸಬಾರದು. ಹೆಸರು ಒಂದೇ, ಒಬ್ಬನು ಕಟ್ಟಿದವನು, ಇನ್ನೊಬ್ಬನು ಕೆಡಹಿದವನು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇವರಿಬ್ಬರೂ ಒಬ್ಬನೇ ಆಗಿಬಿಡುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೇನೆ.

ಕೋಟೆಯ ಬಾಗಿಲಲ್ಲಿ ಗಣಪತಿಯ ಮತ್ತು ದುರ್ಗೆಯ ಗುಡಿಗಳಿವೆ. ಅವನ್ನು ದಾಟಿ ಒಳಹೊಕ್ಕರೆ ನಾವು ಇಂದು ಕಮಲ ಬಸದಿ ಎಂದು ಕರೆಯುವ ದೇವಾಲಯ ಸಿಗುತ್ತದೆ. ಒಳಗೆ ನೇಮಿನಾಥ ತೀರ್ಥಂಕರರ ಮೂರ್ತಿ. ಬಸದಿಗೆ ಈ ಹೆಸರು ಬಂದುದು ಮಂಟಪದ ಒಳಚಾವಣಿಯಿಂದ ಇಳಿಬಿದ್ದಿರುವ ಕಲ್ಲಿನ ತಾವರೆಯಿಂದ. ಅದರ ದಳಗಳು ಎಪ್ಪತ್ತೆರಡು; ಹಿಂದೆ ಆಗಿಹೋದ, ಈಗಿನ ಮತ್ತು ಮುಂದೆ ಬರಲಿರುವ ಕಾಲಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರ ಲೆಕ್ಕ. ಇದನ್ನು ನೋಡುವ ಕ್ರಮವೊಂದಿದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ತೋರುವುದಿಲ್ಲ. ಕಂಬಕ್ಕೆ ಒರಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಆಗ ಮೇಲಿನ ಕತ್ತಲೆ ಒಂದೊಂದೇ ಸುತ್ತಾಗಿ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲೇ ಚಿಕ್ಕ ಬಸದಿಯೊಂದು ಶಿಥಿಲವಾಗಿ ನಿಂತಿದೆ. ಹೆಚ್ಚಿನವರು ಅದರತ್ತ ತಿರುಗುವುದಿಲ್ಲ, ತಿರುಗಿ ನೋಡಬೇಕು.

ಬಸದಿಯ ಕಥೆ ಹೇಳುವ ಶಾಸನ ಮಾತ್ರ ಇಲ್ಲಿಲ್ಲ. ಬೆಳಗಾವಿಯ ಎರಡು ಶಿಲಾಶಾಸನಗಳು ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಅವುಗಳ ಪಾಠ 'ಎಪಿಗ್ರಾಫಿಯಾ ಇಂಡಿಕಾ'ದ ಹದಿಮೂರನೆಯ ಸಂಪುಟದಲ್ಲಿ ಅಚ್ಚಾಗಿದೆ. ಶಕವರ್ಷ ೧೧೨೭ರ ಪುಷ್ಯಮಾಸ, ಉತ್ತರಾಯಣ ಸಂಕ್ರಮಣದ ದಿನ. ಕ್ರಿಸ್ತಶಕದಲ್ಲಿ ಅದು ೧೨೦೪ನೆಯ ಡಿಸೆಂಬರ್ ೨೫. ಆಗ ಮಕರಸಂಕ್ರಮಣ ಡಿಸೆಂಬರಿನಲ್ಲೇ ಬರುತ್ತಿತ್ತು. ಅಂದು ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ಶುಭಚಂದ್ರ ಭಟ್ಟಾರಕರಿಗೆ ಜಿನಾಲಯದ ಸಲುವಾಗಿ ದತ್ತಿ ಬಿಟ್ಟರು. ಅರಸರು ದಾನ ಕೊಡುವುದು ಎಲ್ಲ ಶಾಸನಗಳಲ್ಲೂ ಇರುವ ಮಾತು. ನನಗೆ ಇಲ್ಲಿ ಹಿಡಿಸುವುದು ಪೇಟೆಯ ಸಂಗತಿ. ಕೂಂಡಿ ಮೂರು ಸಾವಿರದ ಮುಮ್ಮುರಿದಂಡರೆಂಬ ವರ್ತಕರು, ಲಾಳ ದೇಶದ ಎಂದರೆ ಇಂದಿನ ಗುಜರಾತಿನ ಕಡೆಯ ವ್ಯಾಪಾರಿಗಳು, ಮಲೆಯಾಳದ ವ್ಯಾಪಾರಿಗಳು ಎಲ್ಲರೂ ವೇಣುಗ್ರಾಮದಲ್ಲಿ ಸೇರಿ ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟು ಎಂದು ಬಸದಿಗೆ ಕೊಡಲು ಒಪ್ಪಿಕೊಂಡರು. ಕುದುರೆಯಿಂದ ವೀಳ್ಯದೆಲೆಯವರೆಗೆ ಎಲ್ಲಕ್ಕೂ ಲೆಕ್ಕವಿತ್ತು. ಎಂಟು ನೂರು ವರ್ಷಗಳ ಹಿಂದೆಯೇ ಈ ಊರಿನ ಸಂತೆಯಲ್ಲಿ ನಾಲ್ಕಾರು ನುಡಿಗಳು ಕೇಳಿಬರುತ್ತಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಶಾಸನವನ್ನು ಬರೆದವನು ಕವಿಕಂದರ್ಪನೆಂಬ ಬಿರುದಿನ ಬಾಲಚಂದ್ರ. ೧೨೨೨ರ ಸುಮಾರಿಗೆ 'ಪಾರ್ಶ್ವನಾಥಪುರಾಣ'ವನ್ನು ಚಂಪುವಾಗಿ ರಚಿಸಿದ ಪಾರ್ಶ್ವಪಂಡಿತನೂ ಇದೇ ರಟ್ಟರ ಆಶ್ರಯದವನು. ಸಾಹಿತ್ಯಚರಿತ್ರೆಯಲ್ಲಿ ನಾವು ಹೊಯ್ಸಳರ ಆಸ್ಥಾನದ ಸುತ್ತಲೇ ತಿರುಗುತ್ತೇವೆ. ಜನ್ನನು 'ಯಶೋಧರಚರಿತೆ'ಯನ್ನು ಬರೆಯುತ್ತಿದ್ದ ದಿನಗಳಲ್ಲೇ ಉತ್ತರದ ಈ ಮೂಲೆಯಲ್ಲಿಯೂ ಕನ್ನಡದ ಕವಿಗಳು ಬರೆಯುತ್ತಿದ್ದರೆಂಬುದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಕೋಟೆಯ ಸಫಾ ಮಸೀದಿ ಬಿಜಾಪುರದ ಆದಿಲ್‌ಶಾಹಿ ಸರದಾರ ಅಸದ್‌ಖಾನ್ ಲಾರಿ ಕಟ್ಟಿಸಿದ್ದು, ಕಾಲ ೧೫೧೯. ಲಾರಿ ಎಂದರೆ ಇರಾನಿನ ಲಾರ್ ಪ್ರಾಂತದಿಂದ ಬಂದವನು. ಅದಕ್ಕೂ ಮುನ್ನ ೧೪೭೨ರ ಹೊತ್ತಿಗೆ ಬಹಮನಿ ಮಂತ್ರಿ ಮಹಮೂದ್ ಗವಾನನು ಕೋಟೆಯನ್ನು ಮುತ್ತಿ ಗೆದ್ದಿದ್ದನು. ಮರಾಠರ ಕೈಯಲ್ಲಿದ್ದಾಗ ೧೮೧೮ರಲ್ಲಿ ಥಾಮಸ್ ಮನ್ರೋ ಮೂರು ವಾರಗಳ ಮುತ್ತಿಗೆಯ ನಂತರ ವಶಪಡಿಸಿಕೊಂಡನು. ಅಲ್ಲಿಂದ ಬೆಳಗಾವಿ ದಂಡಿನ ಊರಾಯಿತು. ಕ್ಯಾಂಪಿನ ಸೇಂಟ್ ಮೇರಿ ಇಗರ್ಜಿ, ೧೮೬೯ರದು, ಆ ಕಾಲದ ಉಳಿಕೆ. ಸಮಯವಿದ್ದವರು ನೋಡಬಹುದು.

ಕೋಟೆಯೊಳಗಿನ ಒಂದು ಮನೆಯ ಮಾತು ಹೇಳದೆ ಮುಂದೆ ಹೋಗಲಾಗದು. ೧೮೯೨ರ ಅಕ್ಟೋಬರದಲ್ಲಿ, ಇನ್ನೂ ಹೆಸರಾಗದ ತರುಣ ಸನ್ಯಾಸಿ ವಿವೇಕಾನಂದರು ಬೆಳಗಾವಿಗೆ ಬಂದರು. ಮೊದಲು ವಕೀಲರಾದ ಭಾಟೆಯವರ ಮನೆ, ಆಮೇಲೆ ಕೋಟೆಯಲ್ಲಿದ್ದ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಚಿಕಾಗೋ ಸಭೆಗೆ ಇನ್ನೂ ಹತ್ತಿರಹತ್ತಿರ ಒಂದು ವರ್ಷವಿತ್ತು. ಕೋಟೆಯ ಆ ಮನೆ ಈಗ ರಾಮಕೃಷ್ಣ ಆಶ್ರಮದ ಸ್ಮಾರಕ. ಭಾಟೆಯವರ ಮನೆಯವರು ಸ್ವಾಮೀಜಿ ಬಳಸಿದ ಮಂಚ, ಕನ್ನಡಿ, ಊರುಗೋಲುಗಳನ್ನು ಜೋಪಾನ ಮಾಡಿ ಇಟ್ಟಿದ್ದರು. ದೊಡ್ಡವರಾಗುವ ಮುನ್ನವೇ ಅತಿಥಿಯನ್ನು ಗುರುತಿಸಿದವರ ಮನೆ ಅದು.

ಕೋಟೆಯಿಂದ ತಿಳಕವಾಡಿಗೆ ಬಂದರೆ ೧೯೨೪ರ ನೆನಪು. ಆ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ಸಿನ ಮೂವತ್ತೊಂಬತ್ತನೆಯ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಇದೊಂದೇ. ಗಂಗಾಧರರಾವ ದೇಶಪಾಂಡೆಯವರು ಟೊಂಕ ಕಟ್ಟಿ ನಿಂತರು. ಬಯಲಿಗೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿ ಪಂಪಾಸರೋವರವಾಯಿತು. ಆ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂಬ ಹೆಸರಿನಿಂದ ಇದೆ, ಜೊತೆಗೆ ವೀರಸೌಧವಿದೆ. ಅದೇ ಮಂಟಪದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಹಾಡಿದ್ದು ಅಲ್ಲಿಯೇ. ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿ ಹಾನಗಲ್ಲರೂ ಇದ್ದರು.

ಇಷ್ಟು ಹೇಳಿದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ವಿದ್ಯಾರ್ಥಿಗಳೊಡನೆ ಕೋಟೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಿದ್ದರು: 'ಸರ್, ಹಾಗಾದರ ಈ ಊರು ಯಾರದು?' ಕೇಳುವವರ ಮನೆಮಾತು ಒಮ್ಮೆ ಕನ್ನಡ, ಒಮ್ಮೆ ಮರಾಠಿ, ಒಮ್ಮೆ ಉರ್ದು, ಒಮ್ಮೆ ಕೊಂಕಣಿ. ಗಡಿಯ ವ್ಯಾಜ್ಯ ೧೯೫೬ರಿಂದ ಹರಿಯದೆ ಉಳಿದಿದೆ. ಮಹಾಜನ ಆಯೋಗ ೧೯೬೭ರಲ್ಲಿ ತನ್ನ ವರದಿ ಕೊಟ್ಟಿತು. ೨೦೦೪ರಲ್ಲಿ ಮಾತು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನಾನು ಕನ್ನಡದ ಮೇಷ್ಟ್ರು. ನನ್ನ ಪಕ್ಷ ಯಾವುದೆಂದು ಹೇಳಬೇಕಾಗಿಲ್ಲ. ಆದರೂ ಶಾಸನಗಳನ್ನು ವಕೀಲರ ಕಾಗದಗಳಂತೆ ಓದುವುದು ನನಗೆ ಒಪ್ಪಿಗೆಯಲ್ಲ. ಕನ್ನಡ ಶಾಸನ ಕಂಡೊಡನೆ ಫೋಟೋ ಹಿಡಿದು ಹೊರಡುವವನು, ಅದರಲ್ಲಿ ಮಲೆಯಾಳದ ವ್ಯಾಪಾರಿ ಕೊಟ್ಟ ಕಾಣಿಕೆಯನ್ನು ಓದದೆ ಬರುತ್ತಾನೆ. ಗೆದ್ದವರು ಯಾರೆಂಬುದಷ್ಟೇ ಬೇಕಾದವರಿಗೆ ಕಲ್ಲು ಹೇಳುವ ಉಳಿದ ಮಾತು ಕೇಳಿಸುವುದಿಲ್ಲ. ಜಗಳ ಮುಗಿಯುವ ಹೊತ್ತಿಗೆ ಓದಲು ಕಲ್ಲೇ ಉಳಿಯದಿದ್ದರೆ ಏನು ಗತಿ ಎಂಬುದೇ ನನ್ನ ಚಿಂತೆ. ಹಳೆಯ ಕಂಬಗಳ ಮೇಲೆ ಪ್ರೇಮಿಗಳ ಹೆಸರು ಕೆತ್ತುವ ಮೊಳೆಗೆ ಭಾಷಾಭೇದವಿಲ್ಲ.

ಇನ್ನು ಖಾನಾಪುರದ ಕಡೆಗೆ. ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರು ಸರಿಸುಮಾರು. ಬಸ್ಸೂ ಉಂಟು, ರೈಲೂ ಉಂಟು. ಖಾನಾಪುರ ಕೆಂಪು ಮಣ್ಣಿನ ಊರು, ಹಂಚಿಗೂ ಕುಂಬಾರಿಕೆಗೂ ಹೆಸರಾದದ್ದು. ಇದೇ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಇಲ್ಲಿ ಕಾಡಿನ ಒಂದು ಕುಂಡದಿಂದ ಹೊರಡುತ್ತದೆ.

ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯಲ್ಲಿ ನಂದಗಡ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲಿ, ೧೮೩೧ರ ಜನವರಿ ೨೬ರಂದು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಸಣ್ಣ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಚರಿತ್ರಕಾರರು ಇದನ್ನು ಮೂಢನಂಬಿಕೆ ಎಂದು ಬಿಟ್ಟುಬಿಡಬಹುದು. ಗಲ್ಲಿಗೇರಿದವನಂಥ ಮಗ ತನ್ನ ಹೊಟ್ಟೆಯಲ್ಲಿ ಹುಟ್ಟಲೆಂದು ತಾಯಿಯೊಬ್ಬಳು ಬಯಸುವುದಕ್ಕಿಂತ ದೊಡ್ಡ ಶಾಸನ ಯಾವ ವೀರನಿಗೂ ದೊರೆತಂತೆ ನಾನು ಕಾಣೆ.

ಹಲಸಿ ಇಂದು ಚಿಕ್ಕ ಹಳ್ಳಿ. ಬನವಾಸಿಯ ಕದಂಬರಿಗೆ ಇದು ಪಲಾಶಿಕಾ, ಎರಡನೆಯ ರಾಜಧಾನಿ. ಮುಂದೆ ಗೋವೆಯ ಕದಂಬರಿಗೆ ಪಲಸಿಗೆ ಹನ್ನೆರಡು ಸಾವಿರದ ಮುಖ್ಯಪಟ್ಟಣ. ಇಲ್ಲಿ ದೊರೆತ ಸಂಸ್ಕೃತ ತಾಮ್ರಪಟಗಳನ್ನು ಫ್ಲೀಟ್ ಸಾಹೇಬರು ಪ್ರಕಟಿಸಿದರು. ಅವುಗಳಲ್ಲಿ ಒಂದರಲ್ಲಿ, ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ ಮಾತಿದೆ. ಮೃಗೇಶವರ್ಮನು ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡಗಳಿಗೂ ಭೂಮಿ ಬಿಟ್ಟನು. ರವಿವರ್ಮನ ಪಟವೊಂದು, ಪ್ರತಿ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ಸಲ್ಲಬೇಕು ಎನ್ನುತ್ತದೆ. ಖಾನಾಪುರದ ಮಳೆಯನ್ನು ಕಂಡವರಿಗೆ ಈ ಕಟ್ಟಳೆಯ ಅರ್ಥ ಬೇಗ ಹೊಳೆಯುತ್ತದೆ: ಆ ನಾಲ್ಕು ತಿಂಗಳು ಭಿಕ್ಷೆಗೆ ಹೊರಬೀಳುವುದಾದರೂ ಹೇಗೆ?

ಈಗ ನಿಂತಿರುವ ಗುಡಿಗಳು ಬಹುಮಟ್ಟಿಗೆ ಗೋವೆಯ ಕದಂಬರ ಕಾಲದವು. ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರಾಗಿವೆ. ಒಂದರಲ್ಲಿ ಕುಳಿತ ವಿಷ್ಣು, ಜೊತೆಗೆ ನರಸಿಂಹ. ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿದ ವರಾಹ. ಮಾತಯೋಗಿಯೆಂಬವರು ಇಲ್ಲಿ ನರಸಿಂಹನನ್ನು ಆರಾಧಿಸಿದರೆಂದೂ ಶಿವಚಿತ್ತ ಪೆರ್ಮಾಡಿ ದೊರೆಯಾಗಿದ್ದಾಗ ದತ್ತಿಗಳು ಸಂದವೆಂದೂ ಶಾಸನದಿಂದ ತಿಳಿಯುತ್ತದೆ. ಅದರ ಕಾಲವನ್ನು ಶಕದಲ್ಲಿ ಹೇಳದೆ ಕಲಿವರ್ಷ ೪೨೭೦ ಎಂದು ಹೇಳಿರುವುದು ಈ ವಂಶದವರ ವಿಶೇಷ. ನಮ್ಮ ಲೆಕ್ಕದಲ್ಲಿ ೧೧೬೯. ವರಾಹನನ್ನು ನಿಲ್ಲಿಸಿದವನು ಶಿವಚಿತ್ತನ ತಮ್ಮ ವಿಷ್ಣುಚಿತ್ತ ವಿಜಯಾದಿತ್ಯ, ೧೧೮೬ರ ಸುಮಾರಿಗೆ. ಅಣ್ಣನ ಹೆಸರಿನಲ್ಲಿ ಶಿವ, ತಮ್ಮನ ಹೆಸರಿನಲ್ಲಿ ವಿಷ್ಣು. ಇಬ್ಬರೂ ಕೂಡಿ ರಾಜ್ಯವಾಳಿದರು. ಆ ಶಿವಚಿತ್ತನ ರಾಣಿ ಕಮಲಾದೇವಿ ಕಿತ್ತೂರಿನ ಬಳಿಯ ದೇಗಾಂವಿಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಬೆಳಗಾವಿಯ ಕಮಲ ತಾವರೆ, ದೇಗಾಂವಿಯ ಕಮಲ ರಾಣಿ. ಇದೂ ಜನ ಕಲಸಿಕೊಳ್ಳುವ ಹೆಸರೇ.

ಹಲಸಿಯಲ್ಲಿ ಸುವರ್ಣೇಶ್ವರ, ಗೋಕರ್ಣೇಶ್ವರ, ಹಾಟಕೇಶ್ವರ ಮುಂತಾದ ಗುಡಿಗಳೂ ಇವೆ. ತುಸು ದೂರದ ಗುಡ್ಡದ ಮೇಲೆ ರಾಮತೀರ್ಥ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಕದಂಬ ಶಿಖರವನ್ನು ಇಲ್ಲಿ ಗುರುತಿಸಿಕೊಂಡರೆ ಬೇರೆಲ್ಲಿ ಕಂಡರೂ ಮರೆಯುವುದಿಲ್ಲ. ಮಳೆಗಾಲದಲ್ಲಿ ಹೋಗಬೇಡಿ, ದಾರಿ ಜಾರುತ್ತದೆ, ಗರ್ಭಗುಡಿಯಲ್ಲಿ ಬೆಳಕಿರದು. ರವಿವರ್ಮನು ಗೊತ್ತುಮಾಡಿದ ಕಾರ್ತಿಕವೇ ಸರಿಯಾದ ಕಾಲ. ಬೆಳಗಿನ ಬಸ್ಸಿಗೆ ಹೊರಟು, ಬುತ್ತಿ ಕಟ್ಟಿಕೊಂಡು, ಮೊದಲು ಹಲಸಿಯನ್ನು ಮುಗಿಸಿ, ಮರಳುವಾಗ ನಂದಗಡದಲ್ಲಿ ಇಳಿದರೆ ಕತ್ತಲಾಗುವುದರೊಳಗೆ ಬೆಳಗಾವಿ ಸೇರಬಹುದು.