ಗೆಳತಿಯ ಮನೆಯಲ್ಲಿ ಕ್ಯಾನ್ಸರ್: ಜೊತೆಗಿರೋದು ಅಂದ್ರೆ ಏನು?

ಇಲ್ಲಿ ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡೋ ಗೆಳತಿ ಸ್ತನ ಕ್ಯಾನ್ಸರ್‌ನಿಂದ ಅಮ್ಮನನ್ನು ಕಳ್ಕೊಂಡಿದ್ದಾಳೆ. ಈಗ ಅಕ್ಕನಿಗೂ ಅದೇ. "ಮುಂದೆ ನಾನಾ?" ಅಂತಾಳೆ. "ಏನೂ ಆಗಲ್ಲ ಬಿಡು" ಅನ್ನೋದು ಉತ್ತರವಲ್ಲ.

1994ರಲ್ಲಿ ಗುರುತಿಸಿದ ಬಿಆರ್‌ಸಿಎ-1 ಜೀನ್ ಹಾಳಾದ ಡಿಎನ್ಎಯನ್ನು ರಿಪೇರಿ ಮಾಡಲು ನೆರವಾಗುತ್ತೆ. ಅದರಲ್ಲೇ ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚು. ದೋಷ ಅಪ್ಪನಲ್ಲಿರಲಿ, ಅಮ್ಮನಲ್ಲಿರಲಿ, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50. ದಾಟಿದರೂ ಕ್ಯಾನ್ಸರ್ ಬಂದೇ ಬರುತ್ತೆ ಅಂತಿಲ್ಲ.

ಹಾಗಾಗಿ ಪರೀಕ್ಷೆ ಮೊದಲು ಅಕ್ಕನಿಗೆ. ಅಲ್ಲಿ ದೋಷ ಸಿಕ್ಕರೆ ತಂಗಿಯಲ್ಲಿ ಅದೊಂದನ್ನೇ ಹುಡುಕಬಹುದು. ಅದಕ್ಕೂ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಬೇಕು. ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ.

ನಮ್ಮ ಪಾಲಿಗೆ? ಮನೆಯಲ್ಲಿ ಯಾರಿಗೆ, ಯಾವ ವಯಸ್ಸಲ್ಲಿ ಬಂತು ಅಂತ ಪಟ್ಟಿ ಮಾಡುವಾಗ ಪಕ್ಕದಲ್ಲಿ ಕೂರೋದು. ತೀರ್ಮಾನ ಅವಳಿಗೇ ಬಿಡೋದು. ಅಮ್ಮನ ಮಾತು ಬಂದಾಗ ವಿಷಯ ಬದಲಿಸದೆ ಕೇಳೋದು.