ನಲವತ್ನಾಲ್ಕರಲ್ಲಿ ಕೆಲಸ ಬಿಡುವ ಮಾತು

ಡೇಟಾಬೇಸ್ ಎಂದರೆ ಏನು ಎಂದು ಮನೆಯ ಮಕ್ಕಳು ಕೇಳಿದರೆ ನಾನು ಬ್ಯಾಂಕಿನ ಹಳೆಯ ಲೆಡ್ಜರಿನ ಉದಾಹರಣೆ ಕೊಡುತ್ತೇನೆ. ಒಂದೊಂದು ಖಾತೆಗೆ ಒಂದೊಂದು ಹಾಳೆ, ಹಾಳೆಯಲ್ಲಿ ಗೆರೆ ಎಳೆದ ಕಾಲಂಗಳು. ಅದನ್ನೇ ಕಂಪ್ಯೂಟರಿನೊಳಗೆ ಇಟ್ಟು, 'ಎರಡು ವರ್ಷದಿಂದ ವಹಿವಾಟು ನಡೆಯದ ಖಾತೆಗಳನ್ನು ತೋರಿಸು' ಎಂದರೆ ಕ್ಷಣದಲ್ಲಿ ಪಟ್ಟಿ ಸಿಗುತ್ತದೆ. ಹಾಗೆ ಕೇಳುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. 1970ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿದ ಆ ಭಾಷೆ ಇಂದಿಗೂ ನಡೆಯುತ್ತಿದೆ. ಅದನ್ನೇ ನಂಬಿ ಬೆಂಗಳೂರಿನಲ್ಲಿ ಮನೆ ಕಟ್ಟಿ, ಮದುವೆಯಾಗಿ, ಮಕ್ಕಳನ್ನು ಓದಿಸುತ್ತಿರುವವರು ಎಷ್ಟೋ ಮಂದಿ.

ನನ್ನ ತಂಗಿಯ ಮಗ ಅವರಲ್ಲೊಬ್ಬ. ವಯಸ್ಸು ನಲವತ್ನಾಲ್ಕು. ಇಪ್ಪತ್ತು ವರ್ಷದಿಂದ ಬ್ಯಾಂಕುಗಳಿಗೆ ತಂತ್ರಾಂಶ ಮಾಡಿಕೊಡುವ ಕಂಪನಿಗಳಲ್ಲೇ ಕೆಲಸ. "ಮಾವ, ನಾನು ಒಂದು ದಿನ ಕೂತು ಬರೆಯುತ್ತಿದ್ದುದನ್ನು ಈಗ ಎಐ ಎರಡು ನಿಮಿಷದಲ್ಲಿ ಬರೆದುಕೊಡುತ್ತೆ. ಬ್ಯಾಕಪ್ಪು, ರಿಪೇರಿ ಎಲ್ಲ ಕ್ಲೌಡಿನವರೇ ನೋಡ್ಕೋತಾರೆ. ನನ್ನನ್ನು ಯಾಕೆ ಇಟ್ಕೊಂಡಿರ್ತಾರೆ? ಅವರು ಕಳಿಸೋ ಮೊದಲು ನಾನೇ ಬಿಟ್ಟುಬಿಡಲಾ ಅಂತ" ಎಂದು ಒಂದು ದಿನ ಫೋನಿನಲ್ಲಿ ಹೇಳಿದ. ಊರಿನ ಹತ್ತಿರ ಎರಡು ಎಕರೆ ಜಮೀನು ಕೊಳ್ಳುವ ಯೋಚನೆಯೂ ಅವನಿಗಿತ್ತು.

ಭಯ ಸುಳ್ಳಲ್ಲ. ಆದರೆ ಅವನಿಗೆ ಗೊತ್ತಿರುವುದು ಎಸ್‌ಕ್ಯೂಎಲ್ ಒಂದೇ ಎಂದು ಅವನು ತಿಳಿದಿದ್ದು ನನಗೆ ಸರಿಕಾಣಲಿಲ್ಲ.

ಉಳಿತಾಯ ಖಾತೆಯ ಬಡ್ಡಿಯನ್ನೇ ತೆಗೆದುಕೊಳ್ಳಿ. ನಾವು ಕೈಯಲ್ಲಿ ಲೆಕ್ಕ ಹಾಕುತ್ತಿದ್ದಾಗ, ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. 11ನೇ ತಾರೀಖು ಹಣ ಕಟ್ಟಿದವರಿಗೆ ಆ ತಿಂಗಳು ಅದಕ್ಕೆ ಕಾಸೂ ಇಲ್ಲ. ಸಂಬಳ ತಡವಾಗಿ ಬರುತ್ತಿದ್ದ ಮೇಷ್ಟ್ರುಗಳು ಕೌಂಟರಿನಲ್ಲಿ ಜಗಳಕ್ಕೇ ಬರುತ್ತಿದ್ದರು. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ದಿನದಿನದ ಬಾಕಿಗೆ ಬಡ್ಡಿ ಬಂತು. ಕಂಪ್ಯೂಟರಿನಲ್ಲಿ ಆ ಬದಲಾವಣೆ ಮಾಡಿದವರಲ್ಲಿ ನನ್ನ ಸೋದರಳಿಯನೂ ಇದ್ದ. ತಿಂಗಳ ನಡುವೆ ಮುಚ್ಚಿದ ಖಾತೆಗೆ ಏನು, ಹಿಂದಿನ ತಾರೀಖು ಹಾಕಿ ಜಮಾ ಮಾಡಿದರೆ ಏನು ಎಂಬುದೆಲ್ಲ ಅವನಿಗೆ ಬಾಯಿಪಾಠ. ಲೆಕ್ಕ ತಪ್ಪಿದಾಗ ತಪ್ಪು ಎಲ್ಲಿದೆ ಎಂದು ಮೂಸಿ ಹಿಡಿಯುವ ಈ ತಿಳಿವಳಿಕೆ ಇಪ್ಪತ್ತು ವರ್ಷದ ಸಂಪಾದನೆ. ಜಮೀನು ಕೊಂಡ ದಿನ ಅದಷ್ಟೂ ವ್ಯರ್ಥ.

2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆ ತಂದವು. ನಲವತ್ತು ದಾಟಿದವರು ಅರ್ಜಿ ಹಾಕಬಹುದಿತ್ತು. ನಮ್ಮ ಶಾಖೆಯಿಂದ ಹೋದವರಲ್ಲಿ ಒಬ್ಬರು ಬಂದ ಇಡುಗಂಟನ್ನು ಸ್ಟೇಷನರಿ ಅಂಗಡಿಗೆ ಹಾಕಿದರು. ವ್ಯಾಪಾರ ಅವರ ರಕ್ತದಲ್ಲಿರಲಿಲ್ಲ, ಎರಡು ವರ್ಷಕ್ಕೆ ಬಾಗಿಲು ಬಿತ್ತು. ಇನ್ನೊಬ್ಬರು ಅಡಿಕೆ ಮಂಡಿಯವರ ಲೆಕ್ಕ ಬರೆಯಲು ಕೂತರು. ಮಂಡಿಯವರೆಲ್ಲ ಅವರಿಗೆ ಕೌಂಟರಿನಲ್ಲಿ ಪರಿಚಯವಾದವರೇ. ಎಪ್ಪತ್ತು ದಾಟಿದರೂ ಅವರನ್ನು ಬಿಡಲಿಲ್ಲ, ಮನೆಗೇ ಪುಸ್ತಕ ಕಳಿಸುತ್ತಿದ್ದರು. ಹೊಳೆ ಹಾರುವುದಕ್ಕೂ ಪಕ್ಕದ ಮೆಟ್ಟಿಲಿಗೆ ಕಾಲಿಡುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಅಲ್ಲಿ ನೋಡಿದೆ.

ಡೇಟಾಬೇಸಿನವರಿಗೆ ಪಕ್ಕದ ಮೆಟ್ಟಿಲುಗಳು ಕೆಲವಿವೆ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಮಾಹಿತಿ ಸಾಗಿಸುವ ಕೆಲಸ ಒಂದು. ಬ್ಯಾಂಕಿನವರಿಗೆ ಏನು ಬೇಕು ಎಂದು ಕೇಳಿ ತಿಳಿದು ಪ್ರೋಗ್ರಾಮರುಗಳಿಗೆ ವಿವರಿಸುವುದು ಇನ್ನೊಂದು. ನನಗೆ ಹೆಚ್ಚು ಹಿಡಿಸಿದ್ದು ಕಂಪ್ಯೂಟರ್ ವ್ಯವಸ್ಥೆಗಳ ಆಡಿಟ್. ಅದಕ್ಕೆ ಸಿಐಎಸ್‌ಎ ಎಂಬ ಪರೀಕ್ಷೆ ಇದೆ. ಪಾಸಾದರಷ್ಟೇ ಸಾಲದು, ಐದು ವರ್ಷದ ಸಂಬಂಧಪಟ್ಟ ಅನುಭವವನ್ನೂ ತೋರಿಸಬೇಕು, ಸ್ವಲ್ಪ ವಿನಾಯಿತಿ ಉಂಟು. ಪಾಠ ಹೇಳುವ ಆಸೆಯಿದ್ದವರಿಗೆ ಒಂದು ಮಾತು: ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರಾಗಲು ಬರೀ ಬಿ.ಇ. ಸಾಲದು, ಎಂ.ಟೆಕ್. ಬೇಕು.

ಜಮೀನಿನ ವಿಷಯ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ನಿಜ. ಆದರೆ ಅಡಿಕೆ ಸಸಿ ಇಟ್ಟು ಫಸಲು ನೋಡಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಅವನಿಗೆ ಐವತ್ತು, ಮಗಳು ಕಾಲೇಜಿನಲ್ಲಿ. ಗೃಹಸಾಲದ ಕಂತು ಅಡಿಕೆ ಮರ ಬೆಳೆಯುವವರೆಗೆ ಕಾಯುವುದಿಲ್ಲ.

ಇನ್ನು ನನ್ನ ಜಾತಿಯ ಲೆಕ್ಕ. ಅವನ ತಂದೆಗೆ ಸ್ಟೆಂಟ್ ಹಾಕಿದೆ, ಆರೋಗ್ಯ ವಿಮೆ ಕಂಪನಿಯ ಗುಂಪು ಪಾಲಿಸಿಯದು. ರಾಜೀನಾಮೆ ಕೊಟ್ಟರೆ ಅದೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಸಾಧ್ಯವೇ ಎಂದು ಕೆಲಸದಲ್ಲಿದ್ದಾಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಭವಿಷ್ಯನಿಧಿಯ ಹಣವನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಲಿ, ತೆಗೆದು ಕಾರು ಕೊಳ್ಳುವುದು ಬೇಡ.

ಹೊಸ ಕೆಲಸದಲ್ಲಿ ಸಂಬಳ ಮೂರನೇ ಒಂದು ಭಾಗ ಕಡಿಮೆಯಾಗಬಹುದು ಎಂದ. ಹಾಗಾದರೆ ಈಗಿನಿಂದಲೇ ಅಷ್ಟು ಹಣವನ್ನು ಆರ್.ಡಿ.ಗೆ ಕಟ್ಟಿ, ಉಳಿದದ್ದರಲ್ಲಿ ಆರು ತಿಂಗಳು ಸಂಸಾರ ನಡೆಸಿ ನೋಡಿ ಎಂದೆ. ಅವನ ಹೆಂಡತಿ ಶಾಲಾ ಶಿಕ್ಷಕಿ, ಮನೆಯ ಖರ್ಚು ಬರೆದಿಡುವವಳು ಅವಳೇ. "ನಾನು ನಡೆಸ್ತೀನಿ ಮಾವ, ಇವರು ವಾರಕ್ಕೆರಡು ಸಲ ಹೊರಗಿಂದ ತರಿಸೋದು ನಿಲ್ಲಿಸಲಿ" ಎಂದಳು.

ಮಕ್ಕಳಿಂದ ಮುಚ್ಚಿಡುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಅಪ್ಪ ರಾತ್ರಿ ನಿದ್ದೆಯಿಲ್ಲದೆ ಹಾಲಿನಲ್ಲಿ ಓಡಾಡುವುದು ಅವಕ್ಕೆ ಕಾಣುತ್ತದೆ. ಎಂಟನೇ ಕ್ಲಾಸಿನ ಮಗಳಿಗೆ ಕೂರಿಸಿ ಹೇಳಿದರು. ಅವಳು ಕೇಳಿದ್ದು ಒಂದೇ, "ನನ್ನ ಸಂಗೀತದ ಕ್ಲಾಸು ನಿಲ್ಲುತ್ತಾ?" ನಿಲ್ಲುವುದಿಲ್ಲ ಎಂದು ತಿಳಿದ ಮೇಲೆ ಆಡಲು ಹೋದಳಂತೆ.

ಆರ್.ಡಿ.ಗೆ ಈಗ ನಾಲ್ಕು ಕಂತು ಕಟ್ಟಿದ್ದಾರೆ. ಹುಡುಗ ಕೆಲಸ ಬಿಟ್ಟಿಲ್ಲ. ಕಂಪನಿಯೊಳಗೇ ಆಡಿಟ್ ವಿಭಾಗಕ್ಕೆ ಕೇಳಿಕೊಂಡಿದ್ದಾನೆ, ಉತ್ತರ ಬಂದಿಲ್ಲ. ಶನಿವಾರ, ಭಾನುವಾರ ಪರೀಕ್ಷೆಗೆ ಓದುತ್ತಾನೆ. ಅದರ ಶುಲ್ಕ ಡಾಲರಿನಲ್ಲಿದೆ ಎಂದು ಗೊಣಗುವುದು ಮಾತ್ರ ಇನ್ನೂ ಮುಗಿದಿಲ್ಲ.